ಎದುರೂರಿಗೆ ಮುನ್ನೂರು ಹರದಾರಿ

ಇದು ಶುರುವಾದದ್ದು ಮಾಘ ಬಹುಳದ ಒಂದು ಭಾನುವಾರ, ಬೆಳಗ್ಗೆ ಏಳು ಹೊಡೆದ ಮೇಲೆ. ಹೊರಡುತ್ತೇನೆ ಎಂದು ಎದ್ದು ನಿಂತು ಬಾಗಿಲಲ್ಲಿ ಇನ್ನೊಂದು ಮಾತು ತೆಗೆಯುವ ನೆಂಟನ ಹಾಗೆ ಚಳಿ ಹೋಗಿಯೂ ಹೋಗದೆ ಇತ್ತು. ಐದೂವರೆಗೆ ಎದುರೂರಿಗೆ ಹೋಗಿದ್ದ ವಿಮಾನ ತಿರುಗಿ ಬಂದು ನಮ್ಮ ಏರ್‌ಪೋರ್ಟಿನ ಶೆಡ್ಡಿನ ಮುಂದೆ ನಿಂತಿತು. ಪೈಲಟ್ ಇನಾಯತ್ ಸಾಹೇಬರು ಇಳಿದು, ಎಂದಿನಂತೆ ಮೊದಲು ಮೊಸರಿನ ಬುಟ್ಟಿಯನ್ನು ನಮ್ಮಕ್ಕನ ಕೈಗೆ, ಆಮೇಲೆ ಎದುರೂರಿನ ಓಬಯ್ಯ ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಚೀಟಿಯಲ್ಲಿ ಮೂರು ಚುಕ್ಕೆ ಇದ್ದವು. ಮೂರಕ್ಕೂ ಸೇರಿಸಿ ಸುತ್ತ ಒಂದು ಬಳೆ ಬರೆದಿತ್ತು. ಅಂಥ ಬಳೆ ಬರೆಯಬಹುದು ಅಂತ ಗೊತ್ತಿತ್ತೇ ಹೊರತು ಬರೆದದ್ದನ್ನು ನಾನು ನೋಡಿರಲಿಲ್ಲ.

"ಏನಂತ್ಲಾ?" ಅಂದಳು ಅಕ್ಕ. ಅವಳಿಗೆ ಅಕ್ಷರ ಬಾರದು. ನನಗೆ ಅಂಕಿ ಬರುತ್ತದೆ, ನನ್ನ ಹೆಸರು ಬರೆಯಲು ಬರುತ್ತದೆ, ಅಷ್ಟೇ.

"ಬಳೆ ಹಾಕವ್ನೆ ಕಣಕ್ಕ."

"ಯಾವ ಬಳೆ?"

"ಹುಳಿ ಬಳೆ."

ಅಕ್ಕ ಬುಟ್ಟಿಯನ್ನು ಸೊಂಟದಿಂದ ಇಳಿಸಿ ನೆಲಕ್ಕಿಟ್ಟಳು. "ನನ್ನ ಮೊಸರು ಹುಳಿ ಅಂದ್ನಾ? ಇಪ್ಪತ್ತೆರಡು ವರ್ಸ ತಿಂದು ಇವತ್ತು ಹುಳಿ ಅಂದ್ನಾ? ಸಾಹೇಬ್ರೆ, ಓಬಯ್ಯಂಗೆ ನೆಗಡಿ ಗಿಗಡಿ ಆಗದಾ?"

"ನೆಗಡಿ ಏನಿಲ್ಲ ದೇವೀರಕ್ಕ, ಚೆನ್ನಾಗೇ ಇದ್ದಾರೆ," ಅಂದರು ಸಾಹೇಬರು. ಬೆಳಗ್ಗೆ ನುಣ್ಣಗಿದ್ದ ಅವರ ಗಲ್ಲದ ಮೇಲೆ ಬಿಳಿ ಕೂದಲು ಮೊಳೆತಿತ್ತು. "ನಂಗೂ ಇವತ್ತು ದೂರ ಅನ್ನಿಸ್ತು."

"ನಿಮ್ಗೆ ಹಲ್ಲುನೋವು. ನೀವು ಸುಮ್ಕಿರಿ."

ನಮ್ಮೂರಿಗೂ ಎದುರೂರಿಗೂ ವಿಮಾನದಲ್ಲಿ ನಲವತ್ತು ನಿಮಿಷ. ನಮ್ಮ ಗೋಡೆ ಗಡಿಯಾರ ಅದನ್ನೇ ಹೇಳುತ್ತದೆ, ಅಲ್ಲಿಯದೂ ಅದನ್ನೇ ಹೇಳುತ್ತದೆ, ಹತ್ತಿ ಕೂತವರ ಕೈಗಡಿಯಾರವೂ ಅದನ್ನೇ. ಕೂತವರ ಮೈಗೆ ಮಾತ್ರ ಬೇರೆ. ಎರಡೂರು ಹತ್ತಿರ ಇದ್ದಾಗ ಬಾಯಿಗೆ ಹಾಕಿಕೊಂಡ ಎಲೆಅಡಿಕೆ ಕೆಂಪಾಗುವುದರೊಳಗೆ ಇಳಿದವರಿದ್ದಾರೆ. ದೂರ ಇದ್ದಾಗ, ಕ್ಷೌರ ಮಾಡಿಸಿಕೊಂಡು ಹತ್ತಿದ ಮದುಮಗ ಗಡ್ಡ ಬಿಟ್ಟುಕೊಂಡು ಇಳಿದು, ಇವನಲ್ಲ ನಮ್ಮ ಹುಡುಗ ಅಂತ ಹೆಣ್ಣಿನ ಕಡೆಯವರು ಮುಖ ತಿರುಗಿಸಿದ್ದೂ ಉಂಟು. ಹೆಸರುಕಾಳು ನೆನೆಹಾಕಿಕೊಂಡು ಹತ್ತಿದ ಹೆಂಗಸರು ಮೊಳಕೆ ಹಿಡಿದು ಇಳಿಯುತ್ತಾರೆ. ಹಾಗಾಗಿ ನಮ್ಮಲ್ಲಿ ಹೊರಡುವವರು ಗಡಿಯಾರ ನೋಡುವುದಿಲ್ಲ, ಶೆಡ್ಡಿನ ಗೋಡೆಯ ಕಪ್ಪು ಹಲಗೆ ನೋಡಿ ಬುತ್ತಿ ಕಟ್ಟಿಕೊಳ್ಳುತ್ತಾರೆ. ಒಮ್ಮೆ ಫೋನಿನ ತಂತಿ ಎಳೆದಿದ್ದರು. ಒಂದು ವರ್ಷ ಅದು ಜೋತುಬಿದ್ದು ಎಮ್ಮೆಗಳ ಕೊಂಬಿಗೆ ಸಿಕ್ಕಿತು, ಮರುವರ್ಷ ಬಿಗಿದು ತುಂಡಾಯಿತು. ಆಮೇಲೆ ಯಾರೂ ಎಳೆಯಲಿಲ್ಲ.

ಆ ಹಲಗೆ ಬರೆಯುವುದು ನನ್ನ ಕೆಲಸ. ದಿನದ ಮೊದಲ ವಿಮಾನದಲ್ಲಿ ಅಕ್ಕ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಗಡಿಗೆಗೆ ಕಂಬಳಿ ಸುತ್ತಿ, ಬುಟ್ಟಿಯಲ್ಲಿಟ್ಟು ಸಾಹೇಬರ ಸೀಟಿನ ಹಿಂದೆ ಇಡುತ್ತಾಳೆ. ಎದುರೂರಲ್ಲಿ ಅದನ್ನು ಇಳಿಸಿಕೊಂಡು, ತಿಂದು ನೋಡಿ, ಚೀಟಿ ಬರೆಯುವವನು ಓಬಯ್ಯ. ಹಾಲು ಹಾಲಾಗೇ ಇಳಿದರೆ ಬರಿ ಚೀಟಿ, ನಾನು ಹಲಗೆ ಮೇಲೆ ನಲವತ್ತು ಹರದಾರಿ ಅಂತ ಬರೆಯುತ್ತೇನೆ. ಕದಡಿದ್ದರೆ ಒಂದು ಚುಕ್ಕೆ, ಎಪ್ಪತ್ತು. ನೀರು ಬಿಡದೆ ಮೆತ್ತಗೆ ಕೂತಿದ್ದರೆ ಎರಡು, ನೂರು. ಚಮಚ ನೆಟ್ಟರೆ ನಿಲ್ಲುವಂತಿದ್ದರೆ ಮೂರು, ನೂರ ಇಪ್ಪತ್ತು. ಹುಳಿ ಬಂದಿದ್ದರೆ ಬಳೆ, ಮುನ್ನೂರು. ಓಬಯ್ಯನೂ ಅಲ್ಲಿಂದ ಹಾಗೇ ಒಂದು ಗಡಿಗೆ ಕಳಿಸುತ್ತಾನೆ. ಅಕ್ಕ ತಿಂದು ನೋಡಿ ಎತ್ತಿದ ಬೆರಳಿನಷ್ಟು ಚುಕ್ಕೆಯನ್ನು ನಾನು ಚೀಟಿಯಲ್ಲಿಟ್ಟು ಮಾರನೆಯ ದಿನ ಕಳಿಸುತ್ತೇನೆ. ಅಲ್ಲಿಯವರು ಅದನ್ನು ನೋಡಿ ಅವರ ಹಲಗೆ ಬರೆದುಕೊಳ್ಳುತ್ತಾರೆ. ಇಷ್ಟಕ್ಕೆಲ್ಲ ಸಾಹೇಬರನ್ನೇ ಕೇಳಬಹುದಲ್ಲ ಎಂದು ಹೊಸಬರು ಅನ್ನುತ್ತಾರೆ. ಪಕ್ಕದಲ್ಲಿ ಮಾತುಗಾರರು ಕೂತ ದಿನ ಸಾಹೇಬರು ಹತ್ತಿರ ಅನ್ನುತ್ತಿದ್ದರು, ಹಲ್ಲು ನೋಯುವಾಗ ದೂರ ಅನ್ನುತ್ತಿದ್ದರು. ಮೊಸರಿಗೆ ಹಲ್ಲಿಲ್ಲ. ಪಾಪ, ದಿನಾ ಹೋಗಿ ಬಂದು ಅವರ ಆಯುಷ್ಯ ಎಲ್ಲರಿಗಿಂತ ಹೆಚ್ಚು ಸವೆದಿತ್ತು. ನನಗಿಂತ ಎಂಟು ವರ್ಷ ಚಿಕ್ಕವರು, ನೋಡಿದರೆ ನಮ್ಮ ಚಿಕ್ಕಪ್ಪನ ಹಾಗೆ ಕಾಣುತ್ತಿದ್ದರು.

ಅಕ್ಕನೂ ಓಬಯ್ಯನೂ ಒಬ್ಬರನ್ನೊಬ್ಬರು ಕಂಡವರಲ್ಲ. ಅಕ್ಕನಿಗೆ ಮದುವೆಯಾಗಿ ಒಂದೂವರೆ ವರ್ಷಕ್ಕೆ ಭಾವ ತೀರಿಕೊಂಡಿದ್ದ. ಅಂದಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಳು. ವಿಮಾನದ ಬಾಗಿಲವರೆಗೆ ಬುಟ್ಟಿ ಕೊಂಡುಹೋಗುತ್ತಿದ್ದಳೇ ಹೊರತು ಒಂದು ದಿನವೂ ಹತ್ತಿದವಳಲ್ಲ. ಆದರೆ ಅವನ ಗಡಿಗೆಯ ಮೊಸರಿನಿಂದ ಹೆಪ್ಪು ತೆಗೆದು ಇವಳು ನಾಳೆಯ ಹಾಲಿಗೆ ಹಾಕುತ್ತಿದ್ದಳು, ಇವಳ ಗಡಿಗೆಯದನ್ನು ಅವನು ಹಾಕುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ ಒಂದೇ ಹೆಪ್ಪು ಹೋಗಿ ಬಂದು ಮಾಡುತ್ತಿತ್ತು. ಗಡಿಗೆ ತೆರೆದು ಮೂಸಿದರೆ ಸಾಕು, "ಓಬಯ್ಯ ಹಸ ಬದಲಾಯಿಸವ್ನೆ" ಅನ್ನುತ್ತಿದ್ದಳು, "ಇವತ್ತು ಯಾಕೋ ಮನಸ್ಸು ನೆಟ್ಟಗಿಲ್ಲ ಅವ್ನಿಗೆ, ಹಾಲು ಸೀದೋಗದೆ" ಅನ್ನುತ್ತಿದ್ದಳು. ಸಾಹೇಬರನ್ನು ಕೇಳಿದರೆ ಅದು ನಿಜವೇ ಆಗಿರುತ್ತಿತ್ತು. ಅವನ ಹೆಂಡತಿ ಸತ್ತದ್ದನ್ನೂ ಅವಳು ಹಾಗೇ ತಿಳಿದುಕೊಂಡು, ಆ ದಿನ ಗಡಿಗೆಯ ಬಾಯಿಗೆ ಒಂದು ಬಿಳಿ ಬಟ್ಟೆ ಕಟ್ಟಿ ಕಳಿಸಿದ್ದಳು.

ಏರ್‌ಪೋರ್ಟಿನ ರೂಲು ಏನೆಂದರೆ, ಎರಡು ಕಡೆಯ ಗಡಿಗೆಯೂ ಇಪ್ಪತ್ತೊಂದು ದಿನ ಎಡೆಬಿಡದೆ ಹುಳಿ ಇಳಿದರೆ ವಿಮಾನ ನಿಲ್ಲಿಸಬೇಕು. ಊರುಗಳು ಹಾಗೆ ದೂರ ಹೊರಟರೆ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ನಮ್ಮಜ್ಜನ ಎಳವೆಯಲ್ಲಿ ಎದುರೂರಿಗೆ ಎತ್ತಿನ ಗಾಡಿಯಲ್ಲಿ ಹೋಗಿ ಸಂಜೆಗೆ ಬರುತ್ತಿದ್ದರಂತೆ. ಒಂದು ವರ್ಷ ದೂರ ಸರಿದದ್ದು, ಮತ್ತೆ ಹೋಗಿ ಬರುವಷ್ಟು ಹತ್ತಿರ ಬರುವುದಕ್ಕೆ ಮೂವತ್ತು ವರ್ಷ ಹಿಡಿಯಿತು ಎಂದು ಅವನು ಹೇಳುತ್ತಿದ್ದ. ನಮ್ಮಕ್ಕನಿಗೆ ಆಗ ಅರವತ್ತೆಂಟು. ಲೆಕ್ಕ ಬಾರದ ಅವಳಿಗೂ ಆ ಲೆಕ್ಕ ಬರುತ್ತಿತ್ತು.

ಆ ಭಾನುವಾರ ಅವಳು ಓಬಯ್ಯನ ಗಡಿಗೆ ತೆರೆದು ಚಮಚದ ತುದಿಯಲ್ಲಿ ಮುಟ್ಟಿ ಬಾಯಿಗಿಟ್ಟಳು. ನಾನು ಚೀಟಿ ಹಿಡಿದು ಕಾದೆ. ಸ್ವಲ್ಪ ತಡೆದು ಮೂರು ಬೆರಳು ಎತ್ತಿದಳು.

"ಬಳೆ?"

"ಬಳೆ ಇಲ್ಲ. ಅವ್ನ ಮೊಸರು ಗಟ್ಟಿಯಾಗಿ ಚೆಂದಾಗದೆ. ನಂದೇ ಹುಳಿ ಅಂದ್ರೆ ಅವ್ನ ನಾಲ್ಗೆ ಕೆಟ್ಟದೆ ಅಂತ್ಲೇ ಅರ್ಥ."

ಮಾರನೆಯ ದಿನವೂ ಬಳೆ ಬಂತು. ಅಕ್ಕ ಹೆಪ್ಪು ಕಡಮೆ ಮಾಡಿದಳು, ಬಳೆ ಬಂತು. ಹಾಲನ್ನು ತಣ್ಣಗಾಗಿಸಿ ಹಾಕಿದಳು, ಬಳೆ. ಕಂಬಳಿ ತೆಗೆದು ಒದ್ದೆ ಬಟ್ಟೆ ಸುತ್ತಿದಳು, ಬಳೆ. ದಿನಾ ಸಾಹೇಬರ ಕೈಲಿ ಒಂದೊಂದು ಮಾತು ಕಳಿಸುತ್ತಿದ್ದಳು. "ಬೆಳಿಗ್ಗೆದ್ದು ಬಾಯಿ ಮುಕ್ಕಳಿಸಿ ತಿನ್ನು ಅನ್ನಿ." ಅತ್ತಲಿಂದ, "ಮುಕ್ಕಳಿಸೇ ತಿಂದಿದೀನಿ ಅನ್ನಿ," ಅಂತ ಬರುತ್ತಿತ್ತು. "ಬೀಡಿ ಬುಡು ಅನ್ನಿ." "ಬೀಡಿ ಬಿಟ್ಟು ಆರು ವರ್ಷ ಆಯ್ತು, ಆಯಮ್ಮ ಹೇಳಿದ್ದಕ್ಕೇ ಬಿಟ್ಟಿದ್ದು ಅನ್ನಿ." ಇದನ್ನು ಕೇಳಿದ ದಿನ ಅಕ್ಕ ಮರುಮಾತು ಕಳಿಸಲಿಲ್ಲ. ಸಾಹೇಬರು ಮಾತ್ರ, "ನನ್ನನ್ನ ಪೈಲಟ್ ಅಂತ ಇಟ್ಕೊಂಡಿದ್ದಾರೋ ಟಪಾಲಿನವನು ಅಂತ ಇಟ್ಕೊಂಡಿದ್ದಾರೋ," ಎಂದು ಗೊಣಗಿಕೊಂಡು ಚಹಾ ಕುಡಿಯಲು ಹೋದರು.

ಇತ್ತ ನಮ್ಮ ಮನೆಯಲ್ಲಿ ಒಂದು ಬದಲಾವಣೆ ಆಗಿತ್ತು. ಓಬಯ್ಯನ ಗಡಿಗೆಯಲ್ಲಿ ಹೆಪ್ಪಿಗೆ ಎತ್ತಿಟ್ಟು ಮಿಕ್ಕದ್ದು ಯಾವಾಗಲೂ ನನ್ನ ಅನ್ನಕ್ಕೆ. ಆ ಭಾನುವಾರದಿಂದ ನನಗೆ ಮೊಸರನ್ನ ಇಲ್ಲ, ದಿನಾ ಮಜ್ಜಿಗೆಹುಳಿ. "ದಿನಾ ಬೂದುಗುಂಬಳಕಾಯಿ ಎಲ್ಲಿಂದ ತರ್ಲಿ ಅತ್ತಿಗೆ?" ಎಂದು ನನ್ನ ಹೆಂಡತಿ ಸಾಕಮ್ಮ ಕೇಳಿದರೆ, "ಸೌತೇಕಾಯಿ ಹಾಕು, ಅದೂ ಇಲ್ದಿದ್ರೆ ಬೆಂಡೇಕಾಯಿ ಹಾಕು," ಅನ್ನುತ್ತಿದ್ದಳು. ನಾನು ದಡ್ಡ, ಚೆನ್ನಾಗಿದೆ ಅಂತ ಎರಡೆರಡು ಸಲ ಬಡಿಸಿಕೊಂಡು ಉಂಡೆ. ಸಿಹಿ ಮೊಸರಲ್ಲಿ ಯಾರೂ ಮಜ್ಜಿಗೆಹುಳಿ ಮಾಡುವುದಿಲ್ಲ ಎನ್ನುವುದು ಉಣ್ಣುವಾಗ ಹೊಳೆಯಲಿಲ್ಲ.

ಹೊಳೆದದ್ದು ಹದಿಮೂರನೆಯ ದಿನ, ಫಾಲ್ಗುಣ ಶುದ್ಧ ಸಪ್ತಮಿ ಶುಕ್ರವಾರ. ಅವತ್ತು ವಿಮಾನ ಬಂದು ನಿಂತಾಗ ಸಾಹೇಬರು ಬುಟ್ಟಿ ಹಿಡಿದು ಇಳಿಯಲಿಲ್ಲ, ಒಂದು ಕೂಸು ಹಿಡಿದು ಇಳಿದರು. ಅವರ ಹಿಂದೆ ಎದುರೂರಿನ ಮೇಷ್ಟ್ರೊಬ್ಬರು ಹೆಂಡತಿಯ ತೋಳು ಹಿಡಿದುಕೊಂಡು, ಒಂದೊಂದೇ ಮೆಟ್ಟಲಿಗೆ ಕೂತು ಎದ್ದು ಇಳಿದರು. ಆಕೆಯ ತುಟಿ ಒಡೆದಿತ್ತು. ಕೂಸಿಗೆ ಎಂಟು ತಿಂಗಳಿರಬಹುದು. ಅಳುವುದಕ್ಕೆ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಸಾಹೇಬರು ತಮ್ಮ ನೀರು, ತಮ್ಮ ಬುತ್ತಿ, ಎಲ್ಲ ಕೊಟ್ಟು ಮುಗಿಸಿದ್ದರು. ಅಕ್ಕ ಓಡಿಹೋಗಿ ಕೂಸನ್ನು ಎತ್ತಿಕೊಂಡಳು. ಶೆಡ್ಡಿನಲ್ಲಿದ್ದ ಹಾಲಿಗೆ ಅರ್ಧ ನೀರು ಬೆರೆಸಿ, ಬತ್ತಿ ಮಾಡಿದ ಬಟ್ಟೆಯಲ್ಲಿ ಅದ್ದಿ ಅದ್ದಿ ಬಾಯಿಗೆ ಬಿಟ್ಟಳು. ಒಂದು ಗಂಟೆ ಹಾಗೇ ಕೂತಿದ್ದಳು. ಕೂಸು ಕೊನೆಗೆ ದನಿ ತೆಗೆದು ಅತ್ತಿತು. ನಾನು ಸಾಕಮ್ಮನಿಂದ ಗಂಜಿ ಮಾಡಿಸಿ ತಂದು ಗಂಡಹೆಂಡಿರಿಗೆ ಕೊಟ್ಟೆ.

"ಇಷ್ಟು ದೂರಕ್ಕೆ ಎರಡು ಚಪಾತಿ ಕಟ್ಕೊಂಡು ಹತ್ತುದ್ರಾ ತಾಯಿ?" ಎಂದು ನಾನೇ ಸ್ವಲ್ಪ ಗದರುವ ಹಾಗೆ ಕೇಳಿದೆ.

"ನಮ್ಮೂರ ಹಲಗೇಲಿ ನೂರ ಇಪ್ಪತ್ತು ಅಂತಿತ್ತಣ್ಣ," ಅಂದಳು ಆಕೆ. "ದಿನಾ ಅದೇ ಇತ್ತು. ಅರ್ಧ ದಿನಕ್ಕೆ ಸಾಕಲ್ಲ ಅಂತ ತಂದ್ವಿ."

ಆಕೆ ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ನಾನು ಅಕ್ಕನ ಮುಖ ನೋಡಿದೆ, ಆಗ ನನಗೆ ಹದಿಮೂರು ದಿನದ ಮಜ್ಜಿಗೆಹುಳಿ ಒಟ್ಟಿಗೇ ಗಂಟಲಿಗೆ ಬಂತು. ಅಕ್ಕ ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಎದ್ದು ನಿಂತಳು. "ಬಾ ಚಿಕ್ಕೀರ," ಅಂದಳು, "ಮೇಡಂ ತಾವ ಹೋಗಾಣ."

ಏರ್‌ಪೋರ್ಟಿನ ಮೇಲಿನವರು ಜಯಶೀಲಾ ಮೇಡಂ. ಕಡಮೆ ಮಾತಿನವರು, ಕನ್ನಡಕದ ಮೇಲಿನಿಂದ ನೋಡುವವರು. ಅಕ್ಕ ಅವರ ಮೇಜಿನ ಮುಂದೆ ಹೋಗಿ ನಿಂತು, "ಹದಿಮೂರು ದಿನದಿಂದ ಅಲ್ಲಿಂದ ಬರೋ ಗಡಿಗೇನೂ ಹುಳಿ ಇಳೀತಾ ಅದೆ ಮೇಡಂ. ನಾನು ಗಟ್ಟಿ ಅಂತ ಸುಳ್ಳು ಹೇಳಿ ಇವ್ನ ಕೈಲಿ ಬರೆಸ್ದೆ. ಇವ್ನಿಗೆ ಗೊತ್ತಿರ್ನಿಲ್ಲ. ಆ ಕೂಸಿಗೆ ಏನಾರ ಆಗಿದ್ರೆ ನಾನು ಮಾಡ್ದಂಗೇ ಆಗ್ತಿತ್ತು," ಅಂದಳು.

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಯಾಕೆ ಹಾಗೆ ಮಾಡಿದ್ರಿ ದೇವೀರಮ್ಮನೋರೆ?"

"ಬರೆದ್ರೆ ವಿಮಾನ ನಿಲ್ತದಲ್ಲ," ಅಂದಳು ಅಕ್ಕ. "ಆಮೇಲೆ ಬೆಳಿಗ್ಗೆ ನಾಕು ಗಂಟೆಗೆ ಎದ್ದು ನಾನು ಯಾರಿಗೆ ಹೆಪ್ಪು ಹಾಕ್ಲಿ?"

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವಳನ್ನು ಕೆಲಸದಿಂದ ತೆಗೆಯುವ ಮಾತು ಆಡಲಿಲ್ಲ. "ಇನ್ನು ಎಂಟು ದಿನ ಇದೆ," ಅಂದರು. "ಅಷ್ಟು ದಿನ ನಿಜ ಬರೆಸಿ. ಹತ್ತಿರ ಬಂದ್ರೂ ಬರಬಹುದು." ನಾನು ಆಚೆ ಬಂದು ಹಲಗೆಯ ಮೇಲೆ ಹೋಗುವುದಕ್ಕೂ ಬರುವುದಕ್ಕೂ ಮುನ್ನೂರು ಹರದಾರಿ ಅಂತ ಬರೆದೆ. ಅಲ್ಲಿಗೆ ಹೋಗುವ ನಾಳೆಯ ಚೀಟಿಗೂ ಮೊದಲನೆಯ ಸಲ ಬಳೆ ಹಾಕಿದೆ. ಅಕ್ಕ ನನ್ನ ಹಿಂದೆ ನಿಂತು, ಓದಲು ಬರುವವಳ ಹಾಗೆ ನೋಡಿದಳು.

ಹತ್ತಿರ ಬರಲಿಲ್ಲ. ಹೋಳಿ ಹುಣ್ಣಿಮೆ ಶನಿವಾರ ಇಪ್ಪತ್ತೊಂದು ದಿನ ತುಂಬಿತು. ಅವತ್ತಿನ ಮೊಸರು ಮೂಗಿನ ಹತ್ತಿರ ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೇಡಂ ದಿನದ ವಿಮಾನ ನಿಲ್ಲಿಸಿದರು. ಬರುವ ಗುರುವಾರ ಕೊನೆಯದಾಗಿ ಒಂದು ಸಲ ಹೋಗಿ ಬರುವುದು, ಇಲ್ಲಿ ಉಳಿದ ಎದುರೂರಿನವರು ಅಲ್ಲಿಗೆ, ಅಲ್ಲಿ ಉಳಿದ ನಮ್ಮವರು ಇಲ್ಲಿಗೆ, ನಾಲ್ಕು ದಿನದ ಬುತ್ತಿ ಇಲ್ಲದವರನ್ನು ಹತ್ತಿಸುವುದಿಲ್ಲ ಎಂದು ಸಾರಿಸಿದರು. ಅದೇ ಶನಿವಾರ ಸಾಹೇಬರು ಗಡಿಗೆಯ ಜೊತೆ ಓಬಯ್ಯನ ಮಾತು ತಂದರು. ಶೆಡ್ಡಿನ ಹಿಂದೆ ಬೇವಿನ ಕಟ್ಟೆಯ ಮೇಲೆ ಕೂತು, ಒಪ್ಪಿಸುವ ಪಾಠದ ಹಾಗೆ ಹೇಳಿದರು: "ನೀವು ಸುಳ್ಳು ಚೀಟಿ ಕಳಿಸ್ತಿದ್ದದ್ದು ಅವರಿಗೆ ಮೊದಲನೇ ದಿನವೇ ಗೊತ್ತಿತ್ತಂತೆ. ತಾವು ಹಾಕಿದ ಹೆಪ್ಪು ತಮಗೆ ಗೊತ್ತಾಗಲ್ವಾ ಅಂದ್ರು. ಸುಮ್ಮನಿದ್ದದ್ದು ತಪ್ಪು, ಆ ಕೂಸಿನ ವಿಷಯದಲ್ಲಿ ಅರ್ಧ ಪಾಪ ತಮಗೂ ಇದೆ ಅಂದ್ರು. ಆದ್ರೆ ನಿಮ್ಮ ಮೊಸರಿಗೆ ತಮಗೆ ಸುಳ್ಳು ಬರೆಯೋಕೆ ಆಗಲಿಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ ಅಂದ್ರು."

"ಅಷ್ಟೇನಾ?"

"ಇನ್ನೊಂದಿದೆ. ಅದನ್ನ ಹೇಳೋಕೆ ನಂಗೇ ನಾಚಿಕೆ." ಸಾಹೇಬರು ನನ್ನ ಕಡೆ ನೋಡಿ, ಆಮೇಲೆ ನೆಲ ನೋಡಿದರು. "ನಮ್ಮನೇಲಿ ಒಲೆ ಎರಡಿವೆ, ಒಂದು ಸುಮ್ಮನೆ ಕೂತಿದೆ ಅಂತ ಹೇಳಿ ಅಂದ್ರು."

ಅಕ್ಕ ಬೇವಿನ ಎಲೆ ಒಂದನ್ನು ಕಿತ್ತು ಬೆರಳಲ್ಲಿ ಹೊಸಕುತ್ತ ಕೂತಳು. ಆಮೇಲೆ, "ಯಾವ ಒಲೆಯಂತೆ, ಸೌದೆದಾ, ಸೀಮೆಣ್ಣೆದಾ?" ಎಂದು ಕೇಳಿದಳು. ಕೇಳಿದ ದನಿಯಲ್ಲೇ ಗೊತ್ತಾಗಿತ್ತು, ಇವಳು ಹೋಗುತ್ತಾಳೆ.

ದೂರದ ದಿನಗಳಲ್ಲಿ ಅರವತ್ತು ದಾಟಿದವರು ಹತ್ತಬೇಕಾದರೆ ಮನೆಯ ಗಂಡಸರೊಬ್ಬರು ಹೆಬ್ಬೆಟ್ಟು ಒತ್ತಬೇಕು. ಆ ಕಾಗದ ಹಿಡಿದುಕೊಂಡು ಅವತ್ತು ಸಂಜೆ ಅಕ್ಕ ನನ್ನ ಮುಂದೆ ಕೂತಳು. ನಾನು ಒತ್ತುವುದಿಲ್ಲ ಅಂದೆ. ಈ ವಯಸ್ಸಿಗೆ ಕಾಣದ ಗಂಡಸಿನ ಮನೆಗೆ ಹೋದರೆ ನಾಲ್ಕು ಜನ ಏನನ್ನುತ್ತಾರೆ ಅಂದೆ.

"ಆ ನಾಕು ಜನಾನೂ ಜೊತೇಲಿ ಬರ್ಲಿ, ಇನ್ನೂ ಸೀಟವೆ," ಅಂದಳು ಅಕ್ಕ.

"ದಾರೀಲಿ ನಿನ್ನ ಆಯುಸ್ಸು ಎಷ್ಟು ಸವೀತದೋ ಯಾರಿಗೊತ್ತು."

"ಇಲ್ಲಿ ಕೂತ್ರೆ ಸವೆಯಾಕಿಲ್ವಾ?"

"ತಿರುಗಿ ಬರೋಕಾಗಲ್ಲ ಅಕ್ಕ. ಮೂವತ್ತು ವರ್ಸ ಅಂತಿದ್ದ ತಾತ."

ಅವಳು ಕಾಗದವನ್ನು ನನ್ನ ಮುಂದೆಯೇ ಬಿಟ್ಟು ಎದ್ದಳು. ನಾನು ಅದನ್ನು ಮುಟ್ಟಲಿಲ್ಲ. ನಾಲ್ಕು ಜನರ ಮಾತು ನೆಪ. ಅಪ್ಪ ಅವ್ವ ಒಂದೇ ವರ್ಷದಲ್ಲಿ ಹೋದಾಗ ನನಗೆ ಐದು ವರ್ಷ, ಅವಳಿಗೆ ಹನ್ನೊಂದು. ಅಂದಿನಿಂದ ನನ್ನ ತಟ್ಟೆಗೆ ಅನ್ನ ಹಾಕಿದವಳು ಅವಳು. ಮದುವೆಯಾಗಿ ಹೋದ ಒಂದೂವರೆ ವರ್ಷ ಬಿಟ್ಟರೆ ಅವಳಿಲ್ಲದ ಮನೆಯಲ್ಲಿ ನಾನು ಎದ್ದದ್ದಿಲ್ಲ. ಆ ಒಂದೂವರೆ ವರ್ಷ ನಾನು ಸರಿಯಾಗಿ ಉಣ್ಣಲಿಲ್ಲ ಎಂದು ಭಾವ ಸತ್ತ ಮೇಲೆ ಅವಳನ್ನು ಕರೆತರಲು ಹೋದಾಗ ನೆಂಟರು ಹೇಳಿದ್ದರು. ಅವಳ ಕುಂಕುಮ ಅಳಿಸಿದ ದಿನ ನನಗೆ ಒಳಗೊಳಗೆ ಸಂತೋಷ ಆಗಿತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

ಭಾನುವಾರ ಬೆಳಗಿನ ಜಾವ ಅಡುಗೆಮನೆಯಲ್ಲಿ ಸದ್ದಾಯಿತು. ವಿಮಾನ ಇಲ್ಲ, ಎಲ್ಲರೂ ಮಲಗಿದ್ದ ದಿನ. ಎದ್ದು ನೋಡಿದರೆ ಅಕ್ಕ ಎಂದಿನ ಹಾಗೆ ಸ್ನಾನ ಮಾಡಿ, ಹಾಲು ಕಾಯಿಸಿ, ಆರಿಸಿ, ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ಬಿಸಿ ನೋಡುತ್ತಿದ್ದಳು. ಬಿಸಿ ಸರಿಯಾಗಿತ್ತು ಅಂತ ಕಾಣುತ್ತದೆ, ಹೆಪ್ಪಿನ ಚಮಚ ಕೈಗೆ ತೆಗೆದುಕೊಂಡಳು. ತೆಗೆದುಕೊಂಡು ಹಾಗೇ ಕೂತಳು. ಹಾಲು ತಣ್ಣಗಾಯಿತು. ಮತ್ತೆ ಬೆಚ್ಚಗೆ ಮಾಡಿದಳು, ಮತ್ತೆ ಚಮಚ ಹಿಡಿದು ಕೂತಳು. ಹೀಗೆ ಮೂರು ಸಲ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಹೋಗಿ ಸಮಾಧಾನ ಹೇಳಿ ಇನ್ನೊಂದು ದಿನ ತಳ್ಳಿಬಿಡುತ್ತಿದ್ದೆ. ಹೆಪ್ಪು ಎಷ್ಟು ಹಾಕಬೇಕು ಅಂತ ಮರೆತವಳ ಹಾಗೆ ಕೂತಿದ್ದಳು. ಹನ್ನೆರಡು ತಿಂಗಳಿಗೆ ಹನ್ನೆರಡು ಅಳತೆ ಗೊತ್ತಿದ್ದವಳು.

ನಾನು ಸದ್ದಿಲ್ಲದೆ ಹೋಗಿ ಮಲಗಿದೆ. ನನ್ನ ಪಕ್ಕದಲ್ಲಿ ಸಾಕಮ್ಮ ಎಚ್ಚರವಾಗಿದ್ದಳು. "ಉಂಡಿದ್ದು ಸಾಕಾಗಿಲ್ವಾ ನಿಮ್ಗೆ ಅವ್ರ ಕೈಲಿ?" ಅಂದಳು ಮೆಲ್ಲಗೆ. ನನ್ನ ಹೆಂಡತಿ ನನಗೆ ಆಡಿದ ಮಾತುಗಳಲ್ಲಿ ಅದಕ್ಕಿಂತ ಚುರುಕಾದದ್ದು ಇನ್ನೊಂದಿಲ್ಲ.

ಸೋಮವಾರ ಅಕ್ಕನ ಜೊತೆ ಏರ್‌ಪೋರ್ಟಿಗೆ ಹೋಗಿ ಮೇಡಂ ಮುಂದೆ ಕಾಗದ ಇಟ್ಟೆ. ಹೆಸರು ಬರೆಯಲು ಬರುತ್ತದೆ ಎಂದು ಬರೆಯಹೋದರೆ ಅಕ್ಷರ ಕೂಡಲಿಲ್ಲ. ಹೆಬ್ಬೆಟ್ಟನ್ನೇ ಒತ್ತಿದೆ. ಹೋಗುವ ಕಾರಣ ಬರೆಯುವ ಜಾಗ ಖಾಲಿ ಇತ್ತು. "ಇಲ್ಲಿ ಏನು ಬರೀಲಿ ದೇವೀರಮ್ಮನೋರೆ?" ಎಂದು ಮೇಡಂ ಕೇಳಿದರು.

"ಮೊಸರು ನೋಡೋಕೆ ಅಂತ ಬರ್ಕೊಳ್ಳಿ," ಅಂದಳು ಅಕ್ಕ. ಮೇಡಂ ಹಾಗೇ ಬರೆದುಕೊಂಡರು.

ಉಳಿದ ಮೂರು ದಿನ ಅಕ್ಕ ಸಾಕಮ್ಮನಿಗೆ ಹೆಪ್ಪಿನ ಅಳತೆ ಹೇಳಿಕೊಟ್ಟಳು. ನನಗೆ ಯಾವ ಸಾರು ಹಿಡಿಸುತ್ತದೆ, ಯಾವುದಕ್ಕೆ ಹೊಟ್ಟೆ ಕೆಡುತ್ತದೆ ಎಂದು ಹೇಳಹೋಗಿ, "ನಲವತ್ತು ವರ್ಸ ಬಾಳಾಟ ಮಾಡಿವ್ನಿ ಅತ್ತಿಗೆ, ನಂಗೊತ್ತು," ಎಂದು ಅವಳಿಂದ ಅನ್ನಿಸಿಕೊಂಡಳು. ಬುತ್ತಿಗೆ ರಾಗಿ ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಒಣ ಚಟ್ನಿ ಕಟ್ಟಿದೆವು. ಗುರುವಾರ ಐದಕ್ಕೆ ಏರ್‌ಪೋರ್ಟಿನ ತಕ್ಕಡಿಯ ಮೇಲೆ ಅವಳನ್ನೂ ಗಡಿಗೆಯನ್ನೂ ಒಟ್ಟಿಗೆ ತೂಗಿದರು. ನಲವತ್ತಾರು ಕೆಜಿ ಬಂತು. "ಗಡಿಗೆ ಕೆಳಗಿಡಿ," ಅಂದರು ತೂಗುವವರು. "ಇಡಾಕಿಲ್ಲ, ಹಂಗೇ ಬರ್ಕೊ," ಅಂದಳು. ವಿಮಾನದ ಮೆಟ್ಟಲ ಹತ್ತಿರ ನಾನು ಕಾಲು ಮುಟ್ಟಲು ಬಗ್ಗಿದೆ. ಗಡಿಗೆ ಹಿಡಿದ ಕೈಯಿಂದ ಆಶೀರ್ವಾದ ಮಾಡಲಾಗದೆ ಅವಳು ಮೊಣಕೈಯಿಂದ ನನ್ನ ತಲೆ ತಟ್ಟಿದಳು. "ಉಣ್ಣು," ಅಂದಳು. ಅದೊಂದು ಮಾತು ಅವಳು ನನಗೆ ಅರವತ್ತು ವರ್ಷದಿಂದ ಹೇಳುತ್ತ ಬಂದದ್ದು.

ಏಳು ಹತ್ತಕ್ಕೆ ವಿಮಾನ ತಿರುಗಿ ಬಂತು. ಅಲ್ಲಿ ಉಳಿದಿದ್ದ ನಮ್ಮೂರಿನ ಒಂಬತ್ತು ಜನ ಇಳಿದು, ನೆಲದ ಮೇಲೆ ಕೂತು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. ಸಾಹೇಬರ ಗಡ್ಡ ಗಲ್ಲ ಕಾಣದಷ್ಟು ಬೆಳೆದಿತ್ತು. ನಾನು ಚಹಾ ಕೊಟ್ಟು ಪಕ್ಕದಲ್ಲಿ ಕೂತೆ. ಬುತ್ತಿ ಎಲ್ಲರದೂ ಮುಗಿದು, ಅಕ್ಕನ ಹುರಿಹಿಟ್ಟಿನಲ್ಲಿ ಹದಿಮೂರು ಜನ ಊರು ಮುಟ್ಟಿದರಂತೆ. ಅವಳೇ ಹಿಡಿಹಿಡಿ ಅಳೆದು ಹಂಚುತ್ತಿದ್ದಳಂತೆ.

"ಓಬಯ್ಯ ಬಂದಿದ್ನಾ?"

"ಬಂದಿದ್ರು. ಯಾರದೋ ಕೋಟು ಹಾಕ್ಕೊಂಡು. ತೋಳು ಬೆರಳು ಮುಚ್ಚುವಷ್ಟು ಉದ್ದ ಇತ್ತು."

"ಏನಂದ?"

"ಕೈ ಜೋಡಿಸಿದ್ರು, ಕೋಟಿನ ತೋಳಲ್ಲಿ ಕೈ ಕಾಣಲಿಲ್ಲ. ನಿಮ್ಮಕ್ಕನೇ ಮೊದಲು ಮಾತಾಡಿದ್ದು. ಇಷ್ಟು ಗಿಡ್ಡಕ್ಕಿದೀರಾ ಅಂದ್ರು." ಸಾಹೇಬರು ಲೋಟ ಕೆಳಗಿಟ್ಟರು. "ಆಮೇಲೆ ಅವರ ತೋಳು ಮಡಿಸಿಕೊಟ್ಟು, ಮನೆ ಯಾವ ಕಡೆ ಅಂದ್ರು. ಇಬ್ಬರೂ ನಡ್ಕೊಂಡೇ ಹೋದ್ರು. ರಸ್ತೆ ತಿರುಗೋವರೆಗೂ ನೋಡ್ತಾ ನಿಂತಿದ್ದೆ."

ನಾನು ಎದ್ದು ಹೋಗಿ ಹಲಗೆ ಒರೆಸಿದೆ. ಬರೆಯುವುದಕ್ಕೆ ಯಾವ ಅಂಕಿಯೂ ಇರಲಿಲ್ಲ.

ಫಾಲ್ಗುಣ ಬಹುಳ ಪಂಚಮಿ, ಗುರುವಾರ, ಬೆಳಗ್ಗೆ ಐದೂವರೆಯ ವಿಮಾನದಲ್ಲಿ ಹೋದವರು ಹನ್ನೆರಡು ಮಂದಿ. ಮೇಷ್ಟ್ರು, ಅವರ ಹೆಂಡತಿ, ಕೂಸು ಸೇರಿ ಹನ್ನೊಂದು ಜನ ತಮ್ಮೂರಿಗೆ ಹೋದರು. ನಮ್ಮೂರು ಬಿಟ್ಟು ಹೋದವಳು ದೇವೀರಮ್ಮ ಒಬ್ಬಳು.